ನಿಮ್ಮ ಮಳೆ ಪುಸ್ತಕಕ್ಕೆ ವಿಶ್ವವಿದ್ಯಾನಿಲಯ ಏನು ಕೊಡಬಲ್ಲದು?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. 2018ರ ಜೂನ್‌ನಿಂದ ನಮ್ಮ ಶಾಲೆಯ ಮಕ್ಕಳು ಪ್ರತಿದಿನ ಮಳೆಯನ್ನೂ, ವಾರಕ್ಕೊಮ್ಮೆ ಊರಿನ ಮೂರು ತೆರೆದ ಬಾವಿಗಳ ನೀರಿನ ಮಟ್ಟವನ್ನೂ ಅಳೆದು ಲಾಂಗ್ ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ. ಎರಡು ವರ್ಷಗಳ ಹಿಂದೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಬಂದು ಎಲ್ಲವನ್ನೂ ಜೆರಾಕ್ಸ್ ಮಾಡಿಸಿಕೊಂಡು ಹೋದರು, ಆಮೇಲೆ ಸುದ್ದಿಯಿಲ್ಲ. ಜನಸಾಮಾನ್ಯರೇ ಅಳೆದು ಅಂಕಿ ಕೊಡುವ ನಾಗರಿಕ ವಿಜ್ಞಾನಕ್ಕೆ ವಿಶ್ವವಿದ್ಯಾನಿಲಯಗಳು ಬೆಂಬಲ ನೀಡುತ್ತವೆ ಎಂದು ಓದಿದ್ದೇನೆ. ಆ ಬೆಂಬಲ ಎಂದರೆ ನಿಜಕ್ಕೂ ಏನು? ನಮ್ಮಂಥವರ ಲೆಕ್ಕವನ್ನು ಅವರು ವಿಜ್ಞಾನವೆಂದು ಒಪ್ಪುತ್ತಾರೆಯೇ? ಯಾರನ್ನು, ಹೇಗೆ ಕೇಳಬೇಕು?

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಯ ನಡುವಿನ ಭಾಗವನ್ನು, ಅಂದರೆ ನಿಮ್ಮ ಲೆಕ್ಕ ವಿಜ್ಞಾನವೆನಿಸಿಕೊಳ್ಳುತ್ತದೆಯೇ ಎಂಬುದನ್ನು, ಮೊದಲು ಎತ್ತಿಕೊಳ್ಳುತ್ತೇನೆ, ಅದು ಇತ್ಯರ್ಥವಾದರೆ ಉಳಿದವು ಸುಲಭವಾಗುತ್ತವೆ. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿಯಲ್ಲಿ, ಮುಂಗಾರಿಗೆ ಮುಂಚೆ, ಆಗಸ್ಟ್‌ನಲ್ಲಿ ಮತ್ತು ನವೆಂಬರ್‌ನಲ್ಲಿ. ನಿಮ್ಮ ಮಕ್ಕಳು ಅಳೆಯುವುದು ವಾರಕ್ಕೊಮ್ಮೆ. ಆಗಸ್ಟ್‌ಗೂ ನವೆಂಬರ್‌ಗೂ ನಡುವೆ ನಾಲೆಗೆ ನೀರು ಬಿಟ್ಟ ವಾರ ಬಾವಿ ಎಷ್ಟು ಏರಿತು, ನಾಲೆ ನಿಲ್ಲಿಸಿದ ಎಷ್ಟನೆಯ ವಾರಕ್ಕೆ ಇಳಿಯತೊಡಗಿತು ಎಂಬುದು ವರ್ಷಕ್ಕೆ ನಾಲ್ಕು ಅಳತೆಯಲ್ಲಿ ಸಿಕ್ಕುವ ಸಂಗತಿಯಲ್ಲ; ಅದು ನಿಮ್ಮ ಲಾಂಗ್ ಬುಕ್ಕಿನಲ್ಲಿ ಸಿಕ್ಕುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಬಾವಿಗಳು ಮಳೆಯ ಜೊತೆಗೆ ನಾಲೆಯ ಬಸಿನೀರಿನಿಂದಲೂ ತುಂಬುತ್ತವೆ ಎಂದು ಅಲ್ಲಿನ ರೈತರು ಹೇಳುತ್ತಾರೆ. ಮಳೆಯ ಪಾಲೆಷ್ಟು, ನಾಲೆಯ ಪಾಲೆಷ್ಟು ಎಂದು ಕೇಳಿದರೆ ಅಂಕಿ ಬೇಕಾಗುತ್ತದೆ, ಮತ್ತು ಅದು 2023ರಂಥ ಬರದ ವರ್ಷವನ್ನೂ ಒಳಗೊಂಡ, ಏಳೆಂಟು ವರ್ಷ ತುಂಡಾಗದೆ ಬಂದ ಅಂಕಿಯಾಗಿರಬೇಕು. ಯಾವ ಪಿಎಚ್.ಡಿ. ವಿದ್ಯಾರ್ಥಿಯೂ ಅಷ್ಟು ಕಾಲ ಒಂದೇ ಬಾವಿಯ ಕಟ್ಟೆಯ ಮೇಲೆ ಕೂರಲಾರ. ಆದ್ದರಿಂದ ನಿಮ್ಮ ಪುಸ್ತಕವನ್ನು ಯಾರೋ ಜೆರಾಕ್ಸ್ ಮಾಡಿಕೊಂಡು ಹೋದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಆದರೆ ಅಂಕಿ ಇದ್ದ ಮಾತ್ರಕ್ಕೆ ಅದು ನಂಬಲರ್ಹವಾಗುವುದಿಲ್ಲ. ಅಳೆದವರು ಮಕ್ಕಳು ಎಂಬ ಕಾರಣಕ್ಕೆ ನಿಮ್ಮ ಪುಸ್ತಕವನ್ನು ತಳ್ಳಿಹಾಕುವವರು ತಪ್ಪು ಮಾಡುತ್ತಾರೆ. ಹೇಗೆ ಅಳೆದರೆಂದು ಬರೆದಿಲ್ಲವೆಂಬ ಕಾರಣಕ್ಕೆ ಅನುಮಾನಿಸುವವರು ಸರಿಯಾಗಿಯೇ ಅನುಮಾನಿಸುತ್ತಾರೆ. ಇದನ್ನು ನಾನು ಕಲಿತದ್ದು ಮದ್ದೂರು ತಾಲ್ಲೂಕಿನ ಒಂದು ಊರಿನಲ್ಲಿ. ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳು ಅಲ್ಲಿನ ಶಾಲಾಮಕ್ಕಳ ಜೊತೆ ಸೇರಿ ಬಾವಿ ಅಳೆಯುತ್ತಿದ್ದ ಕಾಲದಲ್ಲಿ ಒಂದು ಬಾವಿಯ ನೀರು ಒಂದೇ ವಾರದಲ್ಲಿ ನಲವತ್ತೈದು ಸೆಂಟಿಮೀಟರ್ ಇಳಿದಂತೆ ಲೆಕ್ಕ ಬಂತು. ಅಕ್ಕಪಕ್ಕದ ಬಾವಿಗಳಲ್ಲಿ ಅಂಥದ್ದೇನೂ ಇರಲಿಲ್ಲ. ಮೈಸೂರಿನಲ್ಲಿ ಮೇಜಿನ ಮುಂದೆ ಕುಳಿತ ನಾವು, ಹತ್ತಿರದಲ್ಲಿ ಹೊಸ ಬೋರ್‌ವೆಲ್ ಕೊರೆದಿರಬಹುದೆಂದೂ, ಬಂಡೆಯ ಬಿರುಕಿನಲ್ಲಿ ನೀರು ಸರಿದಿರಬಹುದೆಂದೂ ಅರ್ಧ ದಿನ ಚರ್ಚಿಸಿದೆವು. ಮರುವಾರ ಊರಿಗೆ ಹೋದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ‘ಸಾ, ನೀರು ಇಳ್ದಿಲ್ಲ, ಕಟ್ಟೆ ಏರ್ಸವ್ರೆ’ ಎಂದಳು. ಮೇಕೆಮರಿ ಬಾವಿಗೆ ಬಿದ್ದಿತೆಂದು ಮಾಲೀಕರು ಕಟ್ಟೆಯ ಮೇಲೆ ಎರಡು ವರಸೆ ಸಿಮೆಂಟ್ ಬ್ಲಾಕ್ ಕೂರಿಸಿ ಗಾರೆ ಮಾಡಿಸಿದ್ದರು. ಮಕ್ಕಳು ಎಂದಿನಂತೆ ಕಟ್ಟೆಯ ಮೇಲಿನಿಂದಲೇ ಟೇಪು ಬಿಟ್ಟಿದ್ದರು. ನೀರು ಇದ್ದಲ್ಲಿಯೇ ಇತ್ತು. ಎತ್ತರವಾದದ್ದು ನಾವು ಅಳೆಯುವ ಜಾಗ.

ಆ ದಿನದಿಂದ ನಾವು ಪ್ರತಿ ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ, ಆ ಗುರುತು ನೆಲಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಸತೊಡಗಿದೆವು. ತ್ರೀ ಫೇಸ್ ಕರೆಂಟ್ ಬಂದು ಮೋಟಾರ್ ಓಡಿದ ಮೇಲೆ ಅಳೆದರೆ ಸಿಕ್ಕುವುದು ಬಾವಿಯ ನಿಜವಾದ ಮಟ್ಟವಲ್ಲ, ಎತ್ತಿದ ಮೇಲೆ ಉಳಿದ ನೀರಿನ ಮಟ್ಟ. ಆದ್ದರಿಂದ ಅಳತೆಯ ಗಂಟೆಯನ್ನೂ, ಅದಕ್ಕೆ ಮುಂಚೆ ಮೋಟಾರ್ ಓಡಿತ್ತೇ ಇಲ್ಲವೇ ಎಂಬುದನ್ನೂ ಬರೆಯಲು ಒಂದು ಅಂಕಣ ಸೇರಿಸಿದೆವು. ಟೇಪಿನ ತುದಿಯ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟರೆ ಒದ್ದೆಯಾದ ಗೆರೆ ಸ್ಪಷ್ಟವಾಗಿ ಕಾಣುತ್ತದೆ ಎಂಬಂಥ ಸಣ್ಣ ಸಂಗತಿಗಳೂ ಇದರಲ್ಲಿ ಸೇರಿವೆ. ವಿಶ್ವವಿದ್ಯಾನಿಲಯವು ನಾಗರಿಕ ವಿಜ್ಞಾನಕ್ಕೆ ಕೊಡಬಹುದಾದ ಮೊದಲನೆಯ ಮತ್ತು ಅತಿ ಅಗ್ಗದ ಬೆಂಬಲ ಇದೇ: ಅಳತೆಗೆ ಒಂದು ಲಿಖಿತ ಕ್ರಮ, ಅದನ್ನು ಕಲಿಸಲು ಒಂದು ದಿನದ ತರಬೇತಿ, ಮತ್ತು ಬಂದ ಅಂಕಿಯನ್ನು ತಿಂಗಳಿಗೊಮ್ಮೆ ಕಣ್ಣಾಡಿಸಿ ‘ಇದೇನು ಹೀಗೆ?’ ಎಂದು ಕೇಳುವ ಒಬ್ಬ ಮನುಷ್ಯ. ಮೊಬೈಲ್ ಆ್ಯಪ್ ಇತ್ಯಾದಿಗಳ ಬಗ್ಗೆ ಬಹಳ ಮಾತು ಕೇಳಿಬರುತ್ತದೆ. ಅವು ಅನುಕೂಲವೇ ಹೌದು, ಆದರೆ ಆ ಪ್ರಶ್ನೆ ಕೇಳುವ ಮನುಷ್ಯನಿಲ್ಲದಿದ್ದರೆ ಆ್ಯಪಿನಲ್ಲಿ ಕೂಡ ಬಾವಿ ನಲವತ್ತೈದು ಸೆಂಟಿಮೀಟರ್ ಇಳಿದೇ ಇರುತ್ತದೆ.

ಮಳೆಯ ವಿಷಯದಲ್ಲಿ ಒಂದು ವಿಶ್ವವಿದ್ಯಾನಿಲಯ ಇದನ್ನು ಹೇಗೆ ನಡೆಸಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ನಿಮಗೆ ಉಪಯುಕ್ತವಾದೀತು. ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ 1997ರ ಜುಲೈ ಕೊನೆಯಲ್ಲಿ ಭಾರಿ ಮಳೆ ಸುರಿದು ಪ್ರವಾಹ ಬಂತು. ಊರಿನ ಒಂದು ಮಗ್ಗುಲಲ್ಲಿ ಹದಿನಾಲ್ಕು ಅಂಗುಲಕ್ಕೂ ಹೆಚ್ಚು ಮಳೆಯಾಗಿದ್ದರೆ, ಕೆಲವೇ ಮೈಲಿ ದೂರದ ಇನ್ನೊಂದು ಮಗ್ಗುಲಲ್ಲಿ ಎರಡು ಅಂಗುಲದ ಆಸುಪಾಸಿನಲ್ಲಿತ್ತು. ಐವರು ಸತ್ತರು, ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾನಿಲಯದ ಗ್ರಂಥಾಲಯದ ನೆಲಮಾಳಿಗೆಗೆ ನೀರು ನುಗ್ಗಿ ಲಕ್ಷಗಟ್ಟಲೆ ಪುಸ್ತಕಗಳು ನೆನೆದುಹೋದವು. ಎಲ್ಲಿ ಎಷ್ಟು ಸುರಿಯಿತೆಂದು ಹೇಳಲು ಅಧಿಕೃತ ಮಾಪಕಗಳು ಸಾಲದೆ ಹೋದಾಗ, ಆ ವಿಶ್ವವಿದ್ಯಾನಿಲಯದ ಹವಾಮಾನ ಕೇಂದ್ರವು ಮರುವರ್ಷ, ಅಂದರೆ 1998ರಲ್ಲಿ, ಮನೆಯ ಹಿತ್ತಲಿನಲ್ಲಿ ಮಳೆ ಅಳೆಯುವ ಸ್ವಯಂಸೇವಕರ ಜಾಲವೊಂದನ್ನು ಆರಂಭಿಸಿತು. ಕೊಕೊರಾಸ್ ಎಂಬ ಹೆಸರಿನ ಆ ಜಾಲ ಇಂದು ಅಮೆರಿಕದ ಎಲ್ಲ ರಾಜ್ಯಗಳಿಗೂ ಹಬ್ಬಿದೆ. ಅಲ್ಲಿನ ಸರ್ಕಾರಿ ಹವಾಮಾನ ಇಲಾಖೆಯೇ ಅದರ ಅಂಕಿಗಳನ್ನು ಬಳಸುತ್ತದೆ. ವಿಶ್ವವಿದ್ಯಾನಿಲಯದ ಪಾಲು ಇದರಲ್ಲಿ ಏನು? ಎಲ್ಲರೂ ನಾಲ್ಕು ಅಂಗುಲ ಬಾಯಿಯ ಒಂದೇ ಬಗೆಯ ಪ್ಲಾಸ್ಟಿಕ್ ಮಾಪಕವನ್ನೇ ಇಡಬೇಕೆಂದು ಕಟ್ಟುನಿಟ್ಟು ಮಾಡಿದ್ದು, ಅದನ್ನು ಮರ ಮತ್ತು ಗೋಡೆಯಿಂದ ಎಷ್ಟು ದೂರ ಇಡಬೇಕೆಂದು ಕಲಿಸಿದ್ದು, ಅನುಮಾನ ಬಂದ ಅಂಕಿಯ ಬಗ್ಗೆ ಅಳೆದವರನ್ನೇ ವಿಚಾರಿಸಿದ್ದು, ಮತ್ತು ಬಂದ ಪ್ರತಿ ಅಂಕಿಯನ್ನು ಕಾಯ್ದಿಟ್ಟು ಯಾರು ಬೇಕಾದರೂ ನೋಡುವಂತೆ ಇಟ್ಟದ್ದು. ಇವುಗಳಲ್ಲಿ ಒಂದೂ ಪತ್ರಿಕೆಯ ಮುಖಪುಟಕ್ಕೆ ಬರುವ ಕೆಲಸವಲ್ಲ.

ಆ ಜಾಲದವರು ಬಹಳ ಒತ್ತಿ ಹೇಳುವ ಒಂದು ಮಾತಿದೆ: ಮಳೆ ಬಾರದ ದಿನ ‘ಸೊನ್ನೆ’ ಎಂದು ಬರೆಯಿರಿ. ನಿಮ್ಮ ಪುಸ್ತಕವನ್ನು ತೆರೆದು ಇದನ್ನೊಮ್ಮೆ ಪರೀಕ್ಷಿಸಿ. ಖಾಲಿ ಬಿಟ್ಟ ಮನೆಗೆ ಎರಡು ಅರ್ಥವಿರಬಹುದು, ಮಳೆ ಬರಲಿಲ್ಲ ಎಂದು ಅಥವಾ ಅಳೆಯಲಿಲ್ಲ ಎಂದು. ಹತ್ತು ವರ್ಷದ ಮೇಲೆ ಓದುವವರಿಗೆ ಅದು ಯಾವುದೆಂದು ಗೊತ್ತಾಗುವುದಿಲ್ಲ. ಶಾಲೆಗಳ ಪುಸ್ತಕದಲ್ಲಿ ಇನ್ನೂ ಎರಡು ತೊಡಕುಗಳನ್ನು ಕಂಡಿದ್ದೇನೆ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತದೆ, ಆದರೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಮಾಪಕದ ಬಳಿಗೆ ಹೋಗುವಷ್ಟರಲ್ಲಿ ಹತ್ತು ಗಂಟೆ ದಾಟಿರುತ್ತದೆ. ಅದು ದೊಡ್ಡ ದೋಷವಲ್ಲ. ಗಂಟೆ ಬರೆದಿದ್ದರೆ ಸಾಕು. ಎರಡನೆಯದು ಭಾನುವಾರ. ಶನಿವಾರ ಮಧ್ಯಾಹ್ನದಿಂದ ಬಿದ್ದದ್ದೆಲ್ಲ ಸೋಮವಾರದ ಲೆಕ್ಕಕ್ಕೆ ಸೇರಿಬಿಟ್ಟರೆ, ನಿಮ್ಮ ಊರಿನಲ್ಲಿ ಸೋಮವಾರವೇ ಹೆಚ್ಚು ಮಳೆ ಬರುತ್ತದೆಂಬ ವಿಚಿತ್ರ ನಿಯಮವೊಂದು ಹುಟ್ಟಿಕೊಳ್ಳುತ್ತದೆ. ಅಂಥ ದಿನ ‘ಎರಡು ದಿನದ ಒಟ್ಟು’ ಎಂದು ಬರೆಯಬೇಕು. ದಸರಾ ರಜೆಯಲ್ಲಿ ಹಿಂಗಾರಿನ ಮಳೆಗಳೂ, ಬೇಸಿಗೆ ರಜೆಯಲ್ಲಿ ಭರಣಿ, ಕೃತ್ತಿಕೆಗಳೂ ತಪ್ಪಿಹೋಗದಂತೆ ಮಾಪಕದ ಪಕ್ಕದ ಮನೆಯವರಿಗೆ ಯಾರಿಗಾದರೂ ಕೆಲಸ ವಹಿಸಿದ್ದೀರಿ ಎಂದು ಭಾವಿಸುತ್ತೇನೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಇರುವಾಗ ನಮ್ಮದೇಕೆ ಎಂದು ಯಾರಾದರೂ ಕೇಳಬಹುದು. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂಥ ಮಳೆಯನ್ನು ಕಂಡವರು ಆ ಪ್ರಶ್ನೆ ಕೇಳುವುದಿಲ್ಲ. ಅಲ್ಲದೆ ಎರಡು ಲೆಕ್ಕವನ್ನು ಹೋಲಿಸಿ ನೋಡುವುದೇ ನಿಮ್ಮ ಪುಸ್ತಕದ ಗುಣವನ್ನು ತೋರಿಸುವ ನೇರ ದಾರಿ.

ವಿಶ್ವವಿದ್ಯಾನಿಲಯ ಕೊಡಬಲ್ಲ ಇನ್ನೊಂದು ಸಂಗತಿ ಯೋಜನೆ, ಅಂದರೆ ಎಲ್ಲಿ ಅಳೆಯಬೇಕು ಎಂಬ ತೀರ್ಮಾನ. ಇದಕ್ಕೆ ಹಕ್ಕಿಗಳ ಉದಾಹರಣೆ ಚೆನ್ನಾಗಿ ಒಪ್ಪುತ್ತದೆ. ಮೈಸೂರಿನ ಹಕ್ಕಿ ವೀಕ್ಷಕರನ್ನು ಅವರ ಪಾಡಿಗೆ ಬಿಟ್ಟರೆ ಎಲ್ಲರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆಯೇ ಸಿಗುತ್ತಾರೆ; ಬೆಳಗಿನ ನಡಿಗೆಯೂ ಆಗುತ್ತದೆ, ಹೆಜ್ಜಾರ್ಲೆಯೂ ಕಾಣುತ್ತದೆ. ಆದರೆ ಕೆರೆಯ ಲೆಕ್ಕದಿಂದ ಬಡಾವಣೆಗಳ ಗುಬ್ಬಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಕೇರಳದಲ್ಲಿ 2015ರಿಂದ 2020ರವರೆಗೆ ನಡೆದ ಹಕ್ಕಿ ಅಟ್ಲಾಸ್ ಈ ತೊಡಕನ್ನು ಬಗೆಹರಿಸಿದ ರೀತಿ ನೋಡಿ. ರಾಜ್ಯದ ನಕ್ಷೆಯ ಮೇಲೆ ಚೌಕಗಳನ್ನು ಹಾಕಿ, ಸುಮಾರು ಒಂದು ಕಿಲೋಮೀಟರ್ ಉದ್ದಗಲದ ನಾಲ್ಕು ಸಾವಿರದಷ್ಟು ಚೌಕಗಳನ್ನು ಚೀಟಿ ಎತ್ತಿದಂತೆ ಆರಿಸಿ, ಮಳೆಗಾಲಕ್ಕೊಮ್ಮೆ ಮತ್ತು ಬೇಸಿಗೆಗೊಮ್ಮೆ ಒಂದೇ ಕ್ರಮದಲ್ಲಿ ಎಣಿಕೆ ಮಾಡಲಾಯಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು 361 ಜಾತಿಯ ಹಕ್ಕಿಗಳ ಸುಮಾರು ಮೂರು ಲಕ್ಷ ದಾಖಲೆಗಳನ್ನು ತಂದರು. ಇಷ್ಟದ ಜಾಗ ಬಿಟ್ಟು ಚೀಟಿಯಲ್ಲಿ ಬಂದ ರಬ್ಬರ್ ತೋಟಕ್ಕೆ ಹೋಗಿ ಎಣಿಸಲು ಅವರು ಒಪ್ಪಿದರು ಎಂಬುದೇ ಅದರ ಹೆಚ್ಚುಗಾರಿಕೆ. ಹವ್ಯಾಸಿಗಳ ಬಳಗಗಳ ಜೊತೆ ಕೇರಳ ಕೃಷಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಕೈಜೋಡಿಸಿದ್ದರು, ಫಲಿತಾಂಶ ಪ್ರಕಟವಾದಾಗ ಹವ್ಯಾಸಿಗಳೂ ಲೇಖಕರಾಗಿದ್ದರು. ಇನ್ನೂ ಹಿರಿಯ ಉದಾಹರಣೆಯೆಂದರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿಪ್ರಯೋಗಾಲಯವು 2002ರಲ್ಲಿ ಆರಂಭಿಸಿದ ಇ-ಬರ್ಡ್ ಎಂಬ ಜಾಲತಾಣ. ನಮ್ಮ ದೇಶದ ಮೂವತ್ತು ಸಾವಿರ ಹಕ್ಕಿ ವೀಕ್ಷಕರು ಅಲ್ಲಿ ಸೇರಿಸಿದ ಮೂರು ಕೋಟಿ ದಾಖಲೆಗಳನ್ನು ಆಧರಿಸಿಯೇ 2023ರಲ್ಲಿ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ನಿಮ್ಮ ಮೂರು ಬಾವಿಗಳೂ ನಾಲೆಗೆ ಹತ್ತಿರದವೇ ಆಗಿದ್ದರೆ, ನಾಲೆಯ ನೀರು ಏರದ ಎತ್ತರದ ಹೊಲದ ಕಡೆ ಇನ್ನೊಂದು ಬಾವಿಯನ್ನು ಸೇರಿಸುವಂತೆ ಯಾವ ಭೂವಿಜ್ಞಾನದ ಮೇಷ್ಟ್ರಾದರೂ ಹೇಳುತ್ತಾರೆ; ಅಂಥ ಸಲಹೆಯೂ ಬೆಂಬಲವೇ.

ಇಲ್ಲಿಯವರೆಗೆ ಹೇಳಿದ್ದು ನಾಗರಿಕ ವಿಜ್ಞಾನ, ಅಂದರೆ ಪ್ರಶ್ನೆ ವಿಜ್ಞಾನಿಯದು, ಅಳೆಯುವ ಕೈ ಜನರದು. ಸಹಭಾಗಿ ಸಂಶೋಧನೆ ಎಂಬುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಪ್ರಶ್ನೆಯೇ ಜನರಿಂದ ಬರುತ್ತದೆ. ಈ ಎರಡನ್ನೂ ಬೆರೆಸಿ ಒಂದೇ ಎಂಬಂತೆ ಬರೆಯುವುದು ಈಗ ರೂಢಿಯಾಗಿದೆ, ಆದರೆ ನನ್ನ ಮಟ್ಟಿಗೆ ವ್ಯತ್ಯಾಸ ಮುಖ್ಯವಾದದ್ದು. ನಮ್ಮ ಮಾಪಕ ಇಪ್ಪತ್ತೆರಡು ಮಿಲಿಮೀಟರ್ ಎಂದು ತೋರಿಸಿದ ಒಂದು ಬೆಳಿಗ್ಗೆ, ಬೇಲಿಯ ಆಚೆ ನಿಂತಿದ್ದ ಹಿರಿಯರೊಬ್ಬರು, ‘ಅದೆಲ್ಲ ಇರ್ಲಿ, ಹದ ಆಯ್ತಾ ಹೇಳಿ’ ಎಂದು ಕೇಳಿದರು. ಹದ ಮಳೆ ಎಂದರೆ ನೆಲ ಉಳುವುದಕ್ಕೆ, ಬಿತ್ತುವುದಕ್ಕೆ ಬೇಕಾದಷ್ಟು ಒಳಗೆ ನೆನೆಯುವ ಮಳೆ. ಒಂದೇ ಇಪ್ಪತ್ತೆರಡು ಮಿಲಿಮೀಟರ್ ಕೆಂಪು ಮಣ್ಣಿನ ಹೊಲಕ್ಕೆ ಒಂದು ಬಗೆ, ಜಿಗುಟು ಮಣ್ಣಿನ ಗದ್ದೆಗೆ ಇನ್ನೊಂದು ಬಗೆ. ಅರ್ಧ ಗಂಟೆಯಲ್ಲಿ ಸುರಿದು ಹರಿದುಹೋದರೆ ಒಂದು ಬಗೆ, ರಾತ್ರಿಯೆಲ್ಲ ಜಿನುಗಿದರೆ ಮತ್ತೊಂದು ಬಗೆ. ಆ ಹಿರಿಯರ ಪ್ರಶ್ನೆಯನ್ನು ಸಂಶೋಧನೆಯಾಗಿ ತೆಗೆದುಕೊಂಡರೆ ನಿಮ್ಮ ಪುಸ್ತಕದಲ್ಲಿ ಮಿಲಿಮೀಟರಿನ ಪಕ್ಕದಲ್ಲಿ ಇನ್ನೊಂದು ಅಂಕಣ ಬೇಕು: ಇಂದು ಹದವಾಯಿತೇ, ಯಾರ ಹೊಲದಲ್ಲಿ, ಗುದ್ದಲಿ ಎಷ್ಟು ಅಂಗುಲ ಒದ್ದೆ ಮಣ್ಣಿಗೆ ಇಳಿಯಿತು. ಆ ಅಂಕಣವನ್ನು ತುಂಬಬಲ್ಲವರು ಊರಿನವರು ಮಾತ್ರ. ಅದಕ್ಕೂ ಮಿಲಿಮೀಟರಿಗೂ ಇರುವ ಸಂಬಂಧವನ್ನು ಲೆಕ್ಕ ಹಾಕಿ ತೋರಿಸಬಲ್ಲವರು ವಿಶ್ವವಿದ್ಯಾನಿಲಯದವರು.

ಕೃಷಿ ವಿಜ್ಞಾನದಲ್ಲಿ ಇಂಥ ಕೂಡಿಕೆಗೆ ಒಂದು ಪಳಗಿದ ಪದ್ಧತಿಯೇ ಇದೆ. ಹಲವು ತಳಿಗಳನ್ನು ರೈತರ ಹೊಲದಲ್ಲೇ ಅಕ್ಕಪಕ್ಕ ಬೆಳೆದು, ಕೊಯ್ಲಿಗೆ ಮುಂಚೆ ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆಯಾಗಿ ನಡೆಸಿಕೊಂಡು ಹೋಗಿ, ಯಾವುದನ್ನು ಉಳಿಸಿಕೊಳ್ಳುತ್ತೀರಿ, ಏಕೆ ಎಂದು ಕೇಳುತ್ತಾರೆ. ತಜ್ಞರು ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ನೋಡುತ್ತಿದ್ದರೆ, ಹಸು ಕಟ್ಟಿರುವವರು ಹುಲ್ಲು ಎಷ್ಟು ಬರುತ್ತದೆಂದು ನೋಡುತ್ತಾರೆ, ಮನೆಯವರು ಮುದ್ದೆ ಹೇಗೆ ಬರುತ್ತದೆಂದು ಕೇಳುತ್ತಾರೆ. ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಇರುವ ಜಿಲ್ಲೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಹೆಸರಿನ ಪ್ರಶ್ನೆ. ನೀವು ಅದನ್ನು ಬಿಡಿಸಿ ಕೇಳಿಲ್ಲ, ಆದರೆ ‘ಆಮೇಲೆ ಸುದ್ದಿಯಿಲ್ಲ’ ಎಂಬ ಮಾತಿನಲ್ಲಿ ಅದು ಇದೆ. ಮೈಸೂರಿನಲ್ಲಿ ಕುಳಿತು ಇದನ್ನು ಯೋಚಿಸುವಾಗಲೆಲ್ಲ ನನಗೆ ಪ್ರಾಚ್ಯ ವಿದ್ಯಾ ಸಂಶೋಧನಾಲಯದ ಕಟ್ಟಡ ಕಣ್ಣಿಗೆ ಕಟ್ಟುತ್ತದೆ. 1891ರಲ್ಲಿ ಸರ್ಕಾರಿ ಪ್ರಾಚ್ಯ ಗ್ರಂಥಾಲಯವಾಗಿ ಆರಂಭವಾಗಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಆ ಸಂಸ್ಥೆಗೆ ಜಗತ್ತಿನಾದ್ಯಂತ ಹೆಸರು ತಂದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಾಶಾಸ್ತ್ರಿಗಳ ಹೆಸರನ್ನು ನಾವೆಲ್ಲರೂ ಬಲ್ಲೆವು. ಆ ತಾಳೆಗರಿಯ ಕಟ್ಟನ್ನು ತಂದು ಗ್ರಂಥಾಲಯಕ್ಕೆ ಒಪ್ಪಿಸಿದವರು ಮಾತ್ರ ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’ ಎಂದಷ್ಟೇ ಎಲ್ಲೆಡೆ ಉಲ್ಲೇಖವಾಗುತ್ತಾರೆ. ಯಾರ ದುರುದ್ದೇಶವೂ ಅದರಲ್ಲಿಲ್ಲ. ಬರೆದಿಡುವ ಪದ್ಧತಿ ಇರಲಿಲ್ಲ, ಅಷ್ಟೆ. ನಾನೂ ಅದೇ ಪದ್ಧತಿಯಲ್ಲಿ ಬೆಳೆದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಬ್ಬರು ರೈತರು ವರ್ಷಗಟ್ಟಲೆ ಬರೆದಿಟ್ಟ ಬಾವಿಯ ಲೆಕ್ಕವನ್ನು ಬಳಸಿ ಪ್ರಬಂಧವೊಂದನ್ನು ಪ್ರಕಟಿಸಿ, ಕೊನೆಯಲ್ಲಿ ‘ಸ್ಥಳೀಯರಿಗೆ ಕೃತಜ್ಞತೆಗಳು’ ಎಂದು ಬರೆದು ಸುಮ್ಮನಾದೆ. ಅದರ ಪ್ರತಿಯನ್ನು ಕೊಡಲು ಹೋದಾಗ ಅವರಲ್ಲೊಬ್ಬರು ಹಾಳೆ ತಿರುವಿ, ‘ಇದರಲ್ಲಿ ನಮ್ಮದು ಯಾವುದು?’ ಎಂದು ಕೇಳಿದರು. ಅಷ್ಟೂ ಅಂಕಿ ಅವರದೇ ಆಗಿತ್ತು, ತೋರಿಸಲು ಬೆರಳಿಡುವ ಒಂದು ಜಾಗವೂ ಅದರಲ್ಲಿರಲಿಲ್ಲ.

ಬೀಜ ಮತ್ತು ಸಸ್ಯದ ತಿಳಿವಳಿಕೆಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ, ಏಕೆಂದರೆ ಅಲ್ಲಿ ಹೆಸರಿನ ಜೊತೆ ಹಣವೂ ಇದೆ. ಮಹಾರಾಷ್ಟ್ರದ ರೈತ ದಾದಾಜಿ ಖೋಬ್ರಾಗಡೆ ತಮ್ಮ ಗದ್ದೆಯಲ್ಲಿ ಆರಿಸಿ ಬೆಳೆಸಿದ ಎಚ್‌ಎಂಟಿ ಭತ್ತವನ್ನು (ಕೈಗಡಿಯಾರದ ಹೆಸರೇ ಅದಕ್ಕೂ ಬಂತು) ಕೃಷಿ ವಿಶ್ವವಿದ್ಯಾನಿಲಯವೊಂದು ಶುದ್ಧೀಕರಿಸಿ ತನ್ನ ಹೆಸರು ಸೇರಿಸಿ ಬಿಡುಗಡೆ ಮಾಡಿದ ಪ್ರಕರಣ ದೇಶದಲ್ಲೆಲ್ಲ ಚರ್ಚೆಯಾಯಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಬಹುದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯ ಸಮಿತಿಯೂ ಜನರ ಜೀವವೈವಿಧ್ಯ ದಾಖಲಾತಿ ಇಡಬೇಕು. ಆ ದಾಖಲಾತಿಗಳಿಗೆ ಕರ್ನಾಟಕದಲ್ಲಿ 1990ರ ದಶಕದಲ್ಲೇ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಮುಂದಾಳುತನದಲ್ಲಿ ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ಊರವರೂ ಸೇರಿ ಅಡಿಪಾಯ ಹಾಕಿದ್ದರು. ನಿಮ್ಮದು ಮಳೆ ಮತ್ತು ನೀರಿನ ಲೆಕ್ಕ, ಈ ಕಾಯ್ದೆಗಳ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಆದ್ದರಿಂದ ನಿಮಗೆ ರಕ್ಷಣೆ ನೀಡುವುದು ನೀವೇ ಬರೆಸಿಕೊಳ್ಳುವ ಒಪ್ಪಂದ.

ಒಪ್ಪಂದಕ್ಕೆ ಬರುವ ಮುಂಚೆ ಆಚೆ ಬದಿಯವರ ಸ್ಥಿತಿಯೂ ನಿಮಗೆ ಗೊತ್ತಿರಲಿ. ವಿಶ್ವವಿದ್ಯಾನಿಲಯದ ಅಧ್ಯಾಪಕರ ಬಡ್ತಿ ನಿಂತಿರುವುದು ಬಹುಮಟ್ಟಿಗೆ ಪ್ರಬಂಧಗಳ ಎಣಿಕೆಯ ಮೇಲೆ. ಊರಿನ ಮಕ್ಕಳಿಗೆ ಟೇಪು ಹಿಡಿಯುವುದನ್ನು ಕಲಿಸಿದ ದಿನಗಳಿಗೆ ಅಂಕಗಳಿಲ್ಲ. ಅನುದಾನ ಮೂರು ವರ್ಷಕ್ಕೆ ಬರುತ್ತದೆ, ಬಾವಿಯ ಕಥೆ ಹತ್ತು ವರ್ಷಕ್ಕೆ ತಿಳಿಯುತ್ತದೆ. ಸೆಮಿಸ್ಟರ್ ಕ್ಯಾಲೆಂಡರಿಗೂ ಮಳೆಯ ಪಂಚಾಂಗಕ್ಕೂ ಹೊಂದಾಣಿಕೆಯೇ ಇಲ್ಲ. ನೆಲ ಹದವಾಗುವ ಹೊತ್ತಿಗೆ ನಮ್ಮಲ್ಲಿ ಪರೀಕ್ಷೆ ನಡೆಯುತ್ತಿರುತ್ತದೆ ಎಂಬುದು ನಮ್ಮೊಳಗಿನ ಹಳೆಯ ನಗೆಮಾತು. ನಿಮ್ಮ ಬಳಿಗೆ ಬಂದ ಸಂಶೋಧನಾ ವಿದ್ಯಾರ್ಥಿ ಮೋಸಗಾರನೆಂದು ತೀರ್ಮಾನಿಸುವ ಮುಂಚೆ, ಅವರ ಫೆಲೋಶಿಪ್ ಮುಗಿದು ಎಲ್ಲೋ ಅತಿಥಿ ಉಪನ್ಯಾಸಕರಾಗಿ ಸೇರಿಕೊಂಡಿರಬಹುದು ಎಂಬ ಸಾಧ್ಯತೆಯನ್ನೂ ಎಣಿಸಿ. ಆ ಕಾರಣಕ್ಕೇ ನೀವು ವ್ಯಕ್ತಿಯ ಜೊತೆ ಒಪ್ಪಂದ ಮಾಡಿಕೊಳ್ಳಬಾರದು, ವಿಭಾಗದ ಜೊತೆ ಮಾಡಿಕೊಳ್ಳಬೇಕು. ವ್ಯಕ್ತಿ ಹೋದರೂ ವಿಭಾಗ ಅಲ್ಲೇ ಇರುತ್ತದೆ.

ಈ ಇಕ್ಕಟ್ಟಿನ ನಡುವೆಯೂ ಬಳಸಿಕೊಳ್ಳಬಹುದಾದ ಬಾಗಿಲುಗಳು ಕೆಲವಿವೆ. ರಾಷ್ಟ್ರೀಯ ಸೇವಾ ಯೋಜನೆಯ ಪ್ರತಿ ಸ್ವಯಂಸೇವಕರೂ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು, ಜೊತೆಗೆ ಏಳು ದಿನದ ಶಿಬಿರವೂ ಇದೆ. ಶಿಬಿರವೆಂದರೆ ದೇವಸ್ಥಾನದ ಆವರಣ ಗುಡಿಸುವುದು, ಜಾಥಾ ಹೋಗುವುದು ಎಂದೇ ಆಗಬೇಕಾಗಿಲ್ಲ. ಒಂದು ಊರಿನ ಎಲ್ಲ ಬಾವಿಗಳ ಪಟ್ಟಿಯನ್ನು ಏಳು ದಿನದಲ್ಲಿ ಸಿದ್ಧಪಡಿಸಬಹುದು. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಸೇರಿದ ಪ್ರತಿ ಸಂಸ್ಥೆಯೂ ಕನಿಷ್ಠ ಐದು ಹಳ್ಳಿಗಳನ್ನು ಆರಿಸಿಕೊಂಡು ಕೆಲಸ ಮಾಡಬೇಕು. ಸಮುದಾಯದ ಜೊತೆ ಕೆಲಸ ಮಾಡುವ ಎರಡು ಕ್ರೆಡಿಟ್‌ಗಳ ಪತ್ರಿಕೆಯನ್ನು ಪಠ್ಯಕ್ರಮದಲ್ಲಿ ಸೇರಿಸಲು ಯುಜಿಸಿ ಸೂಚಿಸಿದೆ. ಕೃಷಿ ಪದವಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ಎಲ್ಲಕ್ಕಿಂತ ಉಪಯುಕ್ತವಾದದ್ದು ಎಂ.ಎಸ್ಸಿ.ಯ ಕಿರು ಸಂಶೋಧನಾ ಪ್ರಬಂಧ: ಒಬ್ಬ ವಿದ್ಯಾರ್ಥಿ ನಾಲ್ಕು ತಿಂಗಳು ನಿಮ್ಮ ಪುಸ್ತಕದ ಮುಂದೆ ಕುಳಿತು ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಪಂಚಾಯಿತಿಯ ಮಳೆಮಾಪಕದ ಜೊತೆ ಹೋಲಿಸಿ, ನಕ್ಷೆ ಬಿಡಿಸಿ ಕೊಡುತ್ತಾರೆ. ಅವರಿಗೆ ಪದವಿ, ನಿಮಗೆ ಫಲಿತಾಂಶ.

ನಿಮಗೆ ಹತ್ತಿರದಲ್ಲಿ ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ, ಪರಿಸರ ವಿಜ್ಞಾನ ಮತ್ತು ಭೂಗೋಳಶಾಸ್ತ್ರ ವಿಭಾಗಗಳಿವೆ. ಬಾವಿಯ ಮಟ್ಟದ ಪ್ರಶ್ನೆಗೆ ಭೂವಿಜ್ಞಾನವನ್ನೂ, ಹದದ ಪ್ರಶ್ನೆಗೆ ವಿ.ಸಿ. ಫಾರಂ ಅನ್ನೂ ನಾನು ಆರಿಸುತ್ತಿದ್ದೆ. ಕುಲಪತಿಗಳಿಗೆ ಮನವಿ ಬರೆಯಬೇಡಿ. ಅದು ಟಪಾಲಿನಲ್ಲಿ ಇಳಿಯುತ್ತ ಇಳಿಯುತ್ತ ಮುಂಗಾರು ಮುಗಿದಿರುತ್ತದೆ. ವಿಭಾಗದ ಮುಖ್ಯಸ್ಥರಿಗೆ ಒಂದೇ ಪುಟದ ಪತ್ರ ಬರೆಯಿರಿ. ‘ಬೆಂಬಲ ನೀಡಿ’ ಎಂದು ಕೇಳುವ ಬದಲು, ‘2018ರ ಜೂನ್‌ನಿಂದ ಮೂರು ಬಾವಿಗಳ ವಾರದ ಅಳತೆ ನಮ್ಮಲ್ಲಿದೆ, ನಾಲೆಗೆ ನೀರು ಬಿಟ್ಟ ದಿನಾಂಕಗಳೂ ಇವೆ, ನಾಲೆ ನಿಂತ ಮೇಲೆ ಬಾವಿ ಎಷ್ಟು ದಿನ ಹಿಡಿದುಕೊಳ್ಳುತ್ತದೆ ಎಂಬುದು ನಮ್ಮ ರೈತರ ಪ್ರಶ್ನೆ’ ಎಂದು ಬರೆಯಿರಿ. ನಾಲೆಯ ದಿನಾಂಕಗಳನ್ನು ಬರೆದಿಡದಿದ್ದರೆ ನೀರಾವರಿ ಇಲಾಖೆಯ ಪ್ರಕಟಣೆಗಳಿಂದಲೂ, ಹಳೆಯ ಪತ್ರಿಕೆಗಳಿಂದಲೂ ಈಗಲೇ ಸಂಗ್ರಹಿಸಲು ಆರಂಭಿಸಿ.

ಅವರು ಒಪ್ಪಿದಾಗ ನೀವು ಬರೆಸಿಕೊಳ್ಳಬೇಕಾದದ್ದು ಹೆಚ್ಚಿಲ್ಲ. ಮೂಲ ಪುಸ್ತಕ ಶಾಲೆಯಲ್ಲೇ ಉಳಿಯಬೇಕು, ಹೋಗುವುದು ಪ್ರತಿ ಮಾತ್ರ. ಕಂಪ್ಯೂಟರಿಗೆ ಏರಿಸಿದ ಅಂಕಿಗಳ ಒಂದು ಪ್ರತಿ ನಿಮಗೆ ಬರಬೇಕು, ಇನ್ನೊಂದು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ನಿಮ್ಮ ಶಾಲೆಯ ಹೆಸರಿನಲ್ಲಿ ದಾಖಲಾಗಬೇಕು. ಪ್ರಕಟಣೆಯಾದರೆ ಶಾಲೆಯ ಹೆಸರು ಕೃತಜ್ಞತೆಯ ಸಾಲಿನಲ್ಲಿ ಅಡಗಿರದೆ ಅಂಕಿಯ ಮೂಲವೆಂದು ಸ್ಪಷ್ಟವಾಗಿ ಇರಬೇಕು, ಮತ್ತು ವಿಶ್ಲೇಷಣೆಯಲ್ಲಿ ನೀವೂ ಕೆಲಸ ಮಾಡಿದ್ದರೆ ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಊರಿಗೆ ಬಂದು ಹೇಳಬೇಕು. ಈ ಕೊನೆಯದನ್ನು ಕೇಳಲು ಸಂಕೋಚ ಬೇಡ: 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳಿಗಾಗಿ ಊರೂರಿಗೆ ಹೋಗಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳಿ, ಅವುಗಳನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದವರು. ನೀವು ಕೇಳುತ್ತಿರುವುದು ಹೊಸ ಉಪಕಾರವೇನಲ್ಲ. ಆಗ ಅವರು ತಮ್ಮ ವಿಷಯ ಹೇಳಲು ಬರುತ್ತಿದ್ದರು, ಈಗ ನಿಮ್ಮ ಅಂಕಿ ಏನು ಹೇಳಿತೆಂದು ತಿಳಿಸಲು ಬರಬೇಕಾಗಿದೆ, ವ್ಯತ್ಯಾಸ ಅಷ್ಟೆ.

ಬಾವಿಯ ಮಾಲೀಕರನ್ನು ಮರೆಯಬೇಡಿ. ಮೂರೂ ಬಾವಿಗಳು ಖಾಸಗಿಯವಾದರೆ, ಅಳತೆಯನ್ನು ಹೊರಗೆ ಕೊಡಲು ಅವರ ಒಪ್ಪಿಗೆ ಪಡೆಯಬೇಕು. ಅಂಕಿ ಸರ್ಕಾರದ ಕೈಗೆ ಹೋದರೆ ನಾಳೆ ಪಂಪ್‌ಸೆಟ್‌ಗೆ ಮೀಟರ್ ಕೂರಿಸುತ್ತಾರೆ, ಬೋರ್ ಕೊರೆಯಲು ಬಿಡುವುದಿಲ್ಲ ಎಂಬ ಭಯ ರೈತರಲ್ಲಿ ಇದೆ. ಅದನ್ನು ಹಗುರವಾಗಿ ಕಾಣಬಾರದು. ಅವರು ಬೇಡವೆಂದರೆ ಸರ್ವೆ ನಂಬರ್ ಬಿಟ್ಟು ‘ಬಾವಿ ಒಂದು’, ‘ಬಾವಿ ಎರಡು’ ಎಂದು ಕೊಡಬಹುದು. ಮಕ್ಕಳ ಹೆಸರು, ಫೋಟೊ ಅಚ್ಚಾಗುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳು ಬಾವಿಯ ಅಂಚಿಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಬೇಕೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೆ ವಿಶ್ವವಿದ್ಯಾನಿಲಯದ ನೈತಿಕ ಸಮಿತಿ ಅದನ್ನು ಬರೆದುಕೊಡಿ ಎಂದು ಕೇಳಬಹುದು, ಬೇಸರಿಸಬೇಡಿ.

ಜೆರಾಕ್ಸ್ ಮಾಡಿಕೊಂಡು ಹೋದವರ ವಿಭಾಗದ ಮುಖ್ಯಸ್ಥರಿಗೂ ಒಂದು ಪತ್ರ ಬರೆಯಿರಿ, ದೂರಿನ ಧಾಟಿಯಲ್ಲಿ ಬೇಡ: ಇಂಥ ದಿನ ಇಷ್ಟು ಪುಟಗಳನ್ನು ಕೊಟ್ಟಿದ್ದೇವೆ, ಅವುಗಳಿಂದ ಏನು ತಿಳಿಯಿತೆಂದು ನಮ್ಮ ಮಕ್ಕಳು ಕೇಳುತ್ತಿದ್ದಾರೆ ಎಂದು ಬರೆದರೆ ಸಾಕು. ಮತ್ತೊಂದು ಸಂಗತಿ. 2018ರಲ್ಲಿ ಎಂಟನೆಯ ತರಗತಿಯಲ್ಲಿ ಟೇಪು ಹಿಡಿದಿದ್ದ ಮಕ್ಕಳು ಈಗ ಪದವಿ ಓದುವ ಅಥವಾ ಮುಗಿಸಿರುವ ವಯಸ್ಸಿನವರು. ಅವರಲ್ಲಿ ಯಾರಾದರೂ ಮಂಡ್ಯದಲ್ಲೋ ಮಾನಸಗಂಗೋತ್ರಿಯಲ್ಲೋ ವಿಜ್ಞಾನ ಓದುತ್ತಿದ್ದಾರೆಯೇ ಎಂದು ವಿಚಾರಿಸಿ. ಕಟ್ಟೆ ಯಾವ ವರ್ಷ ಎಷ್ಟು ವರಸೆ ಏರಿತು ಎಂಬುದು ನೆನಪಿರುವವರು ಅವರೇ, ಮತ್ತು ಕಿರು ಸಂಶೋಧನಾ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರೂ ಅವರೇ ಆಗಿರಬಹುದು.